ಮೂರಡಿ ನೀರಿನ ಬ್ಯಾಸ್: ಫೆಬ್ರವರಿಯ ಸೆಕೆಯಲ್ಲಿ ಲೇಕ್ ಫೋರ್ಕ್

ಟೆಕ್ಸಸ್‌ನ ಡಲ್ಲಾಸ್‌ನಿಂದ ಪೂರ್ವಕ್ಕೆ 30ನೇ ಹೆದ್ದಾರಿ ಹಿಡಿದು ಗ್ರೀನ್‌ವಿಲ್, ಅಲ್ಲಿಂದ 69ರಲ್ಲಿ ಎಮರಿ, ಆಲ್ಬಾ. ಹಿಂದೆ ದೋಣಿ ಎಳೆದುಕೊಂಡು ಹೊರಟರೆ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ. ಲೇಕ್ ಫೋರ್ಕ್ ಹೆಸರಿಗೆ ಲೇಕ್. ನಮ್ಮ ಕಡೆಯವರು ನೋಡಿದರೆ ಅಣೆಕಟ್ಟಿನ ಹಿನ್ನೀರು ಅನ್ನುತ್ತಾರೆ. ಸಬೀನ್ ನದಿಗೆ ಸೇರುವ ಲೇಕ್ ಫೋರ್ಕ್ ಕ್ರೀಕ್‌ಗೆ ಕಟ್ಟೆ ಹಾಕಿ 1980ರಲ್ಲಿ ನೀರು ನಿಲ್ಲಿಸಿದ್ದು, ಹರವು ಸುಮಾರು 27,000 ಎಕರೆ. ಪಶ್ಚಿಮಕ್ಕೊಂದು ತೋಳು, ಪೂರ್ವಕ್ಕೆ ಕೇನಿ ಕ್ರೀಕ್‌ನ ತೋಳು, ಎರಡಕ್ಕೂ ಬಂದು ಸೇರುವ ಸಣ್ಣಪುಟ್ಟ ಹಳ್ಳಗಳು ಹತ್ತಾರು. ನೀರು ತುಂಬಿಸುವಾಗ ಮರಗಳನ್ನು ಬಹುಪಾಲು ಕಡಿಯದೆ ಬಿಟ್ಟರು. ಆ ಬೊಡ್ಡೆಗಳೇ ಇವತ್ತು ಮೀನಿಗೆ ಮನೆ, ದೋಣಿಯ ಮೋಟರಿಗೆ ಯಮ.

ಕೆರೆ ತುಂಬುವ ಮೊದಲೇ ಆ ನೆಲದಲ್ಲಿದ್ದ ಹೊಂಡಗಳಿಗೆ ಫ್ಲಾರಿಡಾ ತಳಿಯ ಲಾರ್ಜ್‌ಮೌತ್ ಬ್ಯಾಸ್ ಎಂಬ ಅಗಲಬಾಯಿಯ ಸಿಹಿನೀರಿನ ಬೇಟೆಮೀನು ಬಿಟ್ಟಿದ್ದರು. ಫಲ ಕಾಣಲು ತಡವಾಗಲಿಲ್ಲ. 1986ರ ನವೆಂಬರ್‌ನಲ್ಲಿ ಮಾರ್ಕ್ ಸ್ಟೀವನ್‌ಸನ್ ಹಿಡಿದ 17.67 ಪೌಂಡಿನ ಹೆಣ್ಣು ಮೀನು ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆಯು ದೊಡ್ಡ ಬ್ಯಾಸ್‌ಗಳನ್ನು ಸಂತಾನಕ್ಕೆ ಪಡೆಯುವ ಶೇರ್‌ಲಂಕರ್ ಯೋಜನೆಯ ಮೊದಲ ಮೀನಾಯಿತು. 1992ರ ಜನವರಿಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಹಿಡಿದ 18.18 ಪೌಂಡಿನ, ಅಂದರೆ ಎಂಟು ಕಿಲೋ ದಾಟಿದ ಮೀನು ರಾಜ್ಯದ ದಾಖಲೆ. ಅದು ಸಿಕ್ಕಿದ್ದು ದಡದಿಂದ ದೂರ, ಆಳದಲ್ಲಿ, ಕ್ರ್ಯಾಪಿ ಮೀನಿಗೆಂದು ಇಳಿಬಿಟ್ಟ ಪುಟ್ಟ ಜೀವಂತ ಎರೆಗೆ.

ನಟ್ಟ ಚಳಿಗಾಲದ ಮಾತು ಅದು. ಫೆಬ್ರವರಿಯ ಕೊನೆಗೆ ಒಂದು ವಾರ ಬೇಸಿಗೆಯಂತೆ ಕಾದರೆ ಲೆಕ್ಕ ಬದಲಾಗುತ್ತದೆ, ಎಲ್ಲರೂ ದಡಕ್ಕೆ ನುಗ್ಗುತ್ತಾರೆ. ಅರ್ಧ ಜನ ಬರಿಗೈಲಿ ವಾಪಸ್ ಬರುತ್ತಾರೆ. ಅಂಗಿಯ ತೋಳು ಮಡಚುವಷ್ಟು ಸೆಕೆಯಾಯಿತು ಅಂತ ಹೋಗುತ್ತಾರೆಯೇ ಹೊರತು ನೀರನ್ನು ಅಳೆಯುವುದಿಲ್ಲ. ಅಳೆದರೂ ಮಧ್ಯಾಹ್ನ ಮೂರಕ್ಕೆ ಅಳೆಯುತ್ತಾರೆ. ಬ್ಯಾಸ್ ದಡಕ್ಕೆ ಬರುವುದು ರಾತ್ರಿ ಕಳೆದ ಮೇಲೂ ಬಿಸಿ ಉಳಿಸಿಕೊಂಡ ನೀರಿಗೆ.

ನೀರಿನ ಆಳ, ಬಿಸಿ ಹೇಳುವ ದೋಣಿಯ ಸೋನಾರ್‌ಗಳು ಇಲ್ಲಿ ತೋರಿಸುವುದು ಫ್ಯಾರನ್‌ಹೀಟ್. ಕೆಳಗೆ ಅದೇ ಲೆಕ್ಕ ಇಟ್ಟುಕೊಂಡಿದೆ: 50 ಅಂದರೆ 10 ಸೆಲ್ಸಿಯಸ್, 59 ಅಂದರೆ 15, 68 ಅಂದರೆ 20.

ಮೊದಲ ದಿನ, ಗುರುವಾರ

ಮೊದಲು ಕಾಗದಪತ್ರ. 17 ವರ್ಷ ಮೇಲ್ಪಟ್ಟವರಿಗೆ ಟೆಕ್ಸಸ್ ಮೀನುಗಾರಿಕೆ ಲೈಸೆನ್ಸ್ ಬೇಕೇ ಬೇಕು. ಹೊರರಾಜ್ಯದವರಿಗೆ ಒಂದು ದಿನದ್ದೂ ಸಿಗುತ್ತದೆ. 1993ರ ಸೆಪ್ಟೆಂಬರ್ 1 ಅಥವಾ ಆಮೇಲೆ ಹುಟ್ಟಿದವರು 15 ಅಶ್ವಶಕ್ತಿಗಿಂತ ದೊಡ್ಡ ಮೋಟರಿನ ದೋಣಿ ನಡೆಸಲು ಬೋಟರ್ ಎಜುಕೇಶನ್ ಮುಗಿಸಿರಬೇಕು. ಮೋಟರ್ ಆರಿಸುವ ಕಿಲ್ ಸ್ವಿಚ್‌ನ ದಾರವನ್ನು ಚಾಲಕ ಮೈಗೆ ಸಿಕ್ಕಿಸಿಕೊಳ್ಳುವುದು ಟೆಕ್ಸಸ್‌ನಲ್ಲಿ 2019ರ ಸೆಪ್ಟೆಂಬರ್‌ನಿಂದ ಕಾನೂನು. ಈ ಕೆರೆಯಲ್ಲಂತೂ ಅದು ಕಾನೂನಿಗಲ್ಲ, ಜೀವಕ್ಕೆ. ಗುರುತು ಹಾಕಿದ ದೋಣಿದಾರಿ ಬಿಟ್ಟು ಎರಡು ಮಾರು ಆಚೆ ಹೋದರೆ ನೀರಿನಿಂದ ಒಂದು ಗೇಣು ಕೆಳಗೆ ಬೊಡ್ಡೆ ಕಾದಿರುತ್ತದೆ.

ಮಧ್ಯಾಹ್ನ ದೋಣಿ ಇಳಿಸುವ ಹೊತ್ತಿಗೆ ಗಾಳಿಯ ಬಿಸಿ 74. ಹಿಂದಿನ ರಾತ್ರಿಗಳು 50ರ ಕೆಳಗೆ ಇಳಿದಿರಲಿಲ್ಲ. ಕೆರೆಯ ನಡುವೆ ನೀರು 53. ಒಂದು ಹಳ್ಳದ ಬಾಯಲ್ಲಿ 55. ಹಳ್ಳದ ಒಳಕ್ಕೆ, ಉತ್ತರ ದಡದ ಒಂದು ಕೊಲ್ಲಿಯ ತುದಿಯಲ್ಲಿ 60. ಅದೇ ಕೊಲ್ಲಿಯ ಎದುರು ದಡದಲ್ಲಿ, ಪೈನ್ ಮರಗಳ ನೆರಳಲ್ಲಿ 56.

ಒಂದೇ ಕೊಲ್ಲಿಯಲ್ಲಿ ನಾಲ್ಕು ಡಿಗ್ರಿ ಅಂತರ ಬರುವುದಕ್ಕೆ ಕಾರಣಗಳು ನೇರ. ಫೆಬ್ರವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಉತ್ತರ ದಡಕ್ಕೆ ಬಿಸಿಲು ಇಡೀ ದಿನ ನೇರವಾಗಿ ಬೀಳುತ್ತದೆ. ಆ ದಡದ ಹಿಂದಿನ ದಿಣ್ಣೆ, ಮರಗಳು ಉತ್ತರದ ಚಳಿಗಾಳಿಯನ್ನು ತಡೆಯುತ್ತವೆ. ದಕ್ಷಿಣದಿಂದ ಬೀಸುವ ಬಿಸಿಗಾಳಿ ಮೇಲ್ಪದರದ ಬೆಚ್ಚಗಿನ ನೀರನ್ನು ತಳ್ಳಿಕೊಂಡು ಹೋಗಿ ಅಲ್ಲೇ ಒಟ್ಟುಹಾಕುತ್ತದೆ. ತಳ ಕಪ್ಪು ಮಣ್ಣಿನದ್ದಾದರೆ, ನೀರು ಸ್ವಲ್ಪ ಕದಡಿದ್ದರೆ ಬಿಸಿಲನ್ನು ಇನ್ನೂ ಬೇಗ ಹೀರುತ್ತದೆ.

ಆದರೆ ಆ 60ನ್ನು ಪೂರ್ತಿ ನಂಬುವಂತಿಲ್ಲ. ಸೋನಾರಿನ ಸಂವೇದಕ ಇರುವುದು ನೀರಿನ ಮೇಲ್ಮೈಗೆ ಹತ್ತಿರ. ಗಾಳಿ ಇಲ್ಲದ ಮಧ್ಯಾಹ್ನ ಅಳೆದದ್ದು ಮೇಲಿನ ಕೆನೆಯ ಬಿಸಿಯೇ. ಅಕ್ವೇರಿಯಂ ಥರ್ಮಾಮೀಟರ್ ಒಂದಕ್ಕೆ ದಾರ ಕಟ್ಟಿ, ಮೇಲೆ ಸೀಸದ ತುಂಡೊಂದನ್ನು ಸಿಕ್ಕಿಸಿ ಮೂರಡಿ ಕೆಳಗೆ ಎರಡು ನಿಮಿಷ ಬಿಟ್ಟು ನೋಡಿದರೆ 57. ಮೀನಿನ ಮೈಗೆ ತಾಗುವ ನೀರು ಅದು. ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಅದೇ ಜಾಗದಲ್ಲಿ 55ಕ್ಕಿಂತ ಕೆಳಗೆ ಇಳಿಯದಿದ್ದರೆ ಮೀನು ಬಂದಿರುತ್ತದೆ. 50ಕ್ಕೆ ಇಳಿದಿದ್ದರೆ ಅದು ಬರೀ ಮಧ್ಯಾಹ್ನದ ಬಿಸಿ, ಮೀನು ಇನ್ನೂ ಹಳ್ಳದ ಬಾಯಲ್ಲೇ ಇರುತ್ತದೆ.

ಉಳಿದ ಹೊತ್ತೆಲ್ಲ ನಕ್ಷೆಯ ಕೆಲಸ. ಸಪಾಟಾದ ಕೊಲ್ಲಿಗೆ ಬಿಸಿ ಇದ್ದರೂ ಮೀನು ಬರುವುದು ಕಡಿಮೆ. ತುದಿಯ ತನಕ ಒಂದು ಕೊರಕಲು ಹೋಗಿರಬೇಕು, ಮೂರಡಿಯ ಪಕ್ಕದಲ್ಲೇ ಏಳೆಂಟು ಅಡಿ ಆಳ ಸಿಗಬೇಕು. ಬ್ಯಾಸ್ ಆ ಕೊರಕಲನ್ನೇ ಓಣಿ ಮಾಡಿಕೊಂಡು ಮೇಲೆ ಬರುತ್ತದೆ, ಚಳಿಯಾದರೆ ಅದೇ ಓಣಿಯಲ್ಲಿ ಇಳಿಯುತ್ತದೆ. ದಡದ ಉದ್ದಕ್ಕೂ ನಿಧಾನ ಹೋಗುತ್ತಾ ಕೊರಕಲು ದಡಕ್ಕೆ ಒರಗುವ ತಿರುವುಗಳನ್ನೂ, ಹೈಡ್ರಿಲ್ಲಾ ಎಂಬ ನೀರುಹುಲ್ಲು ಹಸಿರಾಗಿ ಉಳಿದಿರುವ ದಿಣ್ಣೆಗಳನ್ನೂ ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡು ದಿನ ಮುಗಿಯಿತು.

ಎರಡನೇ ದಿನ, ಶುಕ್ರವಾರ

ಬೆಳಿಗ್ಗೆ ಏಳಕ್ಕೆ ಕೊಲ್ಲಿಯ ತುದಿಯಲ್ಲಿ 55. ದಕ್ಷಿಣದ ಗಾಳಿ ಗಂಟೆಗೆ 15 ಮೈಲಿ, ಆಕಾಶದಲ್ಲಿ ಚದುರಿದ ಮೋಡ. ಇಂಥ ಬೆಳಿಗ್ಗೆ ತುದಿಗೆ ಓಡಬಾರದು. ಬಾಯಿಗೂ ತುದಿಗೂ ನಡುವೆ, ಹಳ್ಳದ ಒಳಕ್ಕೆ ಚಾಚಿದ ಎರಡನೇ ಹಂತದ ದಿಣ್ಣೆಗಳ ಮೇಲೆ ನಾಲ್ಕರಿಂದ ಆರಡಿ ನೀರಲ್ಲಿ ಹೈಡ್ರಿಲ್ಲಾ ಇದ್ದರೆ ಅಲ್ಲಿಂದಲೇ ಶುರು. ದಡಕ್ಕೆ ಹೋಗುವ ಮೀನು ಗುಂಪುಗುಂಪಾಗಿ ಅಲ್ಲಿ ತಂಗಿರುತ್ತದೆ. ಒಂದು ಸಿಕ್ಕರೆ ಅದೇ ಜಾಗದಲ್ಲಿ ಇನ್ನೂ ಸಿಗುತ್ತವೆ.

ಹುಲ್ಲು ಹಸಿರಾಗಿರಬೇಕು. ಗಾಳಕ್ಕೆ ಸಿಕ್ಕ ಎಳೆಯನ್ನು ಬೆರಳಲ್ಲಿ ಮುರಿದರೆ ಚಟ್ ಅಂತ ಮುರಿಯಬೇಕು. ಕಂದು ಬಣ್ಣಕ್ಕೆ ತಿರುಗಿ ಲೋಳೆಯಂತೆ ಕೈಗೆ ಅಂಟಿದರೆ ಆ ದಿಣ್ಣೆ ಬಿಟ್ಟು ಮುಂದಕ್ಕೆ.

ಇಲ್ಲಿಗೆ ತುಟಿಯಿಲ್ಲದ ಕ್ರ್ಯಾಂಕ್‌ಬೈಟ್ ಎಂಬ ಲೂರ್‌ನ, ಅಂದರೆ ಮೀನಿನಂತೆ ಮಾಡಿದ ಹುಸಿ ಎರೆಯ, ಸಾಟಿ ಇನ್ನೊಂದಿಲ್ಲ. ರ್ಯಾಟ್-ಎಲ್-ಟ್ರ್ಯಾಪ್ ಅಂತ ಎಲ್ಲರ ಬಾಯಲ್ಲಿರುವ ಬಗೆ: ಚಪ್ಪಟೆ ಮೈ, ಹೊಟ್ಟೆಯೊಳಗೆ ಗುಂಡುಗಳು, ಎಳೆದರೆ ಗಲಗಲ ಸದ್ದು. ತೂಕ ಅರ್ಧ ಔನ್ಸ್, 14 ಗ್ರಾಂ. ಬಣ್ಣ ಕೆಂಪು ಅಥವಾ ಕಿತ್ತಳೆ ಹೊಟ್ಟೆಯ ಕಂದು. ನೀರು ಕಾಯುತ್ತಿದ್ದಂತೆ ಬಿಲದಿಂದ ಹೊರಬೀಳುವ ಕ್ರಾಫಿಷ್ ಎಂಬ ಸೀಗಡಿಯಂಥ ಜೀವಿಯ ಬಣ್ಣ ಅದು. ಏಳಡಿ ಉದ್ದದ ಮೀಡಿಯಂ-ಹೆವಿ ರಾಡ್, ಆದರೆ ತುದಿ ಸ್ವಲ್ಪ ಬಾಗುವಂಥದ್ದು. 7:1ರ ಆಸುಪಾಸಿನ, ಅಂದರೆ ಹಿಡಿ ಒಂದು ಸುತ್ತಿದರೆ ಸ್ಪೂಲ್ ಏಳು ಸುತ್ತುವ ಬೈಟ್‌ಕಾಸ್ಟರ್ ರೀಲ್. ದಾರ 15ರಿಂದ 17 ಪೌಂಡಿನ ಫ್ಲೋರೋಕಾರ್ಬನ್. ಗಂಟು ಪಾಲೋಮರ್, ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡದಿದ್ದರೆ ಫ್ಲೋರೋಕಾರ್ಬನ್ ಬಿಸಿಯಾಗಿ ಸುರುಟಿಕೊಂಡು ಅಲ್ಲೇ ಬಲ ಕಳೆದುಕೊಳ್ಳುತ್ತದೆ.

ಎಳೆಯುವ ಕ್ರಮದಲ್ಲೇ ಎಲ್ಲ ಇರುವುದು. ಎಸೆದ ಮೇಲೆ ಲೂರ್ ಹುಲ್ಲಿನ ತಲೆಗೆ ಇಳಿಯುವ ತನಕ ಬಿಟ್ಟು, ಆಮೇಲೆ ಒಂದೇ ಸಮ ಸುತ್ತಬೇಕು. ರಾಡಿನಲ್ಲಿ ಟಿಕ್ ಟಿಕ್ ಅಂತ ಹುಲ್ಲಿನ ತುದಿ ತಾಗುತ್ತಿರಬೇಕು. ಒಂದು ಕಡೆ ಲೂರ್ ಸಿಕ್ಕಿಕೊಂಡು ಭಾರವಾಗುತ್ತದೆ. ಅಲ್ಲಿ ಸುತ್ತುವುದು ನಿಲ್ಲಿಸಿ, ಮಣಿಕಟ್ಟಿನಿಂದ ಒಂದೇ ಏಟಿಗೆ ರಾಡನ್ನು ಎರಡಡಿ ಸೆಳೆಯಬೇಕು. ಲೂರ್ ಹುಲ್ಲು ಹರಿದುಕೊಂಡು ಹೊರಗೆ ಚಿಮ್ಮುತ್ತದೆ. ತಕ್ಷಣ ರಾಡನ್ನು ಮುಂದಕ್ಕೆ ತಂದು ದಾರಕ್ಕೆ ಸ್ವಲ್ಪ ಸಡಿಲ ಕೊಟ್ಟರೆ ಅದು ನಡುಗುತ್ತಾ ಕೆಳಗೆ ಬೀಳುತ್ತದೆ. ಬೀಳುತ್ತಿರುವಾಗಲೇ ದಾರ ನಿಂತುಬಿಡುತ್ತದೆ, ಇಲ್ಲವೇ ಮುಂದಿನ ಸೆಳೆತಕ್ಕೆ ಹುಲ್ಲಿನ ಬದಲು ತಿರುಗಿ ಎಳೆಯುವ ಭಾರ ಸಿಗುತ್ತದೆ. ಒಂಬತ್ತೂವರೆಯಿಂದ ಹನ್ನೊಂದರ ತನಕ ದಿಣ್ಣೆಯ ಗಾಳಿ ಹೊಡೆಯುವ ಮಗ್ಗುಲಲ್ಲಿ ಹೀಗೆಯೇ ಮೀನು ಬಿದ್ದವು, ಹೆಚ್ಚಿನವು ಮೂರು ನಾಲ್ಕು ಪೌಂಡಿನವು. ಗಾಳಿಮರೆಯ ಮಗ್ಗುಲಲ್ಲಿ ಅದೇ ಆಳ, ಅದೇ ಹುಲ್ಲು, ಒಂದು ಕಚ್ಚೂ ಇಲ್ಲ. ಅಲೆ ನೀರನ್ನು ಸ್ವಲ್ಪ ಕದಡಿ ಬೆಳಕನ್ನು ಮುರಿಯುತ್ತದೆ, ಸಣ್ಣ ಶ್ಯಾಡ್ ಮೀನುಗಳನ್ನು ಹುಲ್ಲಿಗೆ ಒತ್ತುತ್ತದೆ. ಅಲೆಯಲ್ಲಿ ನಿಂತು ದೋಣಿ ಹಿಡಿಯುವ ಕಷ್ಟ ಪಡಲೇಬೇಕು.

ಕೆಡುವುದು ಮೂರು ಕಡೆ. ಪ್ರತಿ ಎಸೆತಕ್ಕೂ ಲೂರ್ ಹುಲ್ಲಿನ ಕಂತೆ ಹೊತ್ತು ಬಂದರೆ ಅದು ತುಂಬ ಕೆಳಗೆ ಓಡುತ್ತಿದೆ ಅಂತ. ರಾಡಿನ ತುದಿ ಎತ್ತಿ ಹಿಡಿಯಬೇಕು, ಆಗದಿದ್ದರೆ 10 ಗ್ರಾಮಿನದ್ದಕ್ಕೆ ಬದಲಿಸಬೇಕು. ಹುಲ್ಲು ತಾಗದೆ ಬಂದರೆ ಅದೂ ವ್ಯರ್ಥ, ಆಗ ಇನ್ನೊಂದು ಕ್ಷಣ ತಡೆದು ಸುತ್ತಬೇಕು. ಎರಡನೆಯದು ಕಚ್ಚಿದ ಮೀನು ದೋಣಿಯ ಹತ್ತಿರ ಬಂದು ಕಳಚಿಕೊಳ್ಳುವುದು. ಲೂರಿನ ಭಾರವೇ ಮೀನಿಗೆ ಸನ್ನೆಗೋಲು: ನೀರಿನಿಂದ ಹಾರಿ ತಲೆ ಕೊಡವಿದರೆ 14 ಗ್ರಾಮಿನ ತುಂಡು ಗಾಳವನ್ನು ಕಿತ್ತು ಎಸೆಯುತ್ತದೆ. ಅದಕ್ಕೇ ರಾಡಿನ ತುದಿ ನೀರಿಗೆ ತಾಗುವಷ್ಟು ಕೆಳಗಿಟ್ಟು ಪಕ್ಕಕ್ಕೆ ಎಳೆಯುವುದು, ಗಡುಸಾದ ರಾಡ್ ಬೇಡ ಅನ್ನುವುದು. ಕಂಪನಿ ಕೊಟ್ಟ ಮೂರುಮುಳ್ಳಿನ ಗಾಳದ ಮೊನೆ ಉಗುರಿನ ಮೇಲೆ ಜಾರಿದರೆ ತೆಗೆದೆಸೆದು ಹೊಸದು ಹಾಕಿ. ಮೂರನೆಯದು ಎದುರುಗಾಳಿಗೆ ಎಸೆದು ರೀಲಿನಲ್ಲಿ ದಾರ ಗೋಜಲಾಗಿ ಹಕ್ಕಿಗೂಡು ಮಾಡಿಕೊಳ್ಳುವುದು. ಗಾಳಿಯಲ್ಲಿ ಲೂರ್ ನಿಧಾನವಾಗುತ್ತದೆ, ಸ್ಪೂಲ್ ಅದೇ ವೇಗದಲ್ಲಿ ಸುತ್ತುತ್ತದೆ; ಬ್ರೇಕನ್ನು ಎರಡು ಹಂತ ಏರಿಸಿ, ಕೈ ಕೆಳಗಿಟ್ಟು ಪಕ್ಕದಿಂದ ಎಸೆಯಿರಿ.

ಹೈಡ್ರಿಲ್ಲಾದಲ್ಲಿ, ದೋಣಿಯನ್ನು ಮೆಲ್ಲಗೆ ನಡೆಸುವ ಬ್ಯಾಟರಿಯ ಟ್ರೋಲಿಂಗ್ ಮೋಟರಿನ ಪಂಖಕ್ಕೆ ಹುಲ್ಲು ಸುತ್ತಿಕೊಳ್ಳುವುದು ತಪ್ಪದು. ಸದ್ದು ಭಾರವಾದ ಕೂಡಲೇ ಎತ್ತಿ ಬಿಡಿಸಬೇಕು, ಬಿಟ್ಟರೆ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ.

ಮೂರನೇ ದಿನ, ಶನಿವಾರ

ಗಾಳಿ ಸತ್ತಿತು. ಬೆಳಿಗ್ಗೆ ಕೊಲ್ಲಿಯ ತುದಿ 58, ಮೂರಡಿ ಕೆಳಗೂ 58. ಮೇಲೂ ಕೆಳಗೂ ಒಂದೇ ಬಿಸಿ ಬಂತೆಂದರೆ ನೀರು ತಳದ ತನಕ ಕಾದಿದೆ. ನಿನ್ನೆಯ ದಿಣ್ಣೆಯಲ್ಲಿ ಲೂರಿಗೆ ಏನೂ ತಾಗಲಿಲ್ಲ. ಮೀನು ರಾತ್ರಿಯೇ ಒಳಕ್ಕೆ ಸರಿದಿತ್ತು. ವಾರಾಂತ್ಯದ ದೋಣಿಗಳೂ ಅದರ ಹಿಂದೆಯೇ ಬಂದವು. ಮಧ್ಯಾಹ್ನ ಗಾಳಿಯ ಬಿಸಿ 80 ದಾಟಿತು.

ಎರಡು ಮೂರಡಿ ನೀರಲ್ಲಿ ಮೊದಲು ಬೇಕಾದ್ದು ಲೂರಲ್ಲ, ಮೌನ. ಟ್ರೋಲಿಂಗ್ ಮೋಟರನ್ನು ಕಡಿಮೆ ವೇಗದಲ್ಲಿ ಒಂದೇ ಸಮ ಓಡಿಸಿ. ಆನ್ ಆಫ್ ಮಾಡುತ್ತಿದ್ದರೆ ಅದೇ ಮೀನನ್ನು ಓಡಿಸುತ್ತದೆ. ತಳ ಕೆಸರಿದ್ದರೆ ಮೋಟರಿನ ಪಂಖ ಎಬ್ಬಿಸಿದ ಬಗ್ಗಡವೇ ಮುಂದೆ ಹೋಗಿ ಡಂಗುರ ಸಾರುತ್ತದೆ, ಅಲ್ಲಿ ಉದ್ದ ಕೋಲು ಊರಿ ದೋಣಿ ತಳ್ಳುವುದು ಮೇಲು. ಪೆಟ್ಟಿಗೆಯ ಮುಚ್ಚಳ ಬಡಿಯಬಾರದು. ಸೂರ್ಯ ಬೆನ್ನ ಹಿಂದಿದ್ದರೆ ನೆರಳು ಮೀನಿನ ಮೇಲೆ ಬೀಳುತ್ತದೆ, ಪಕ್ಕಕ್ಕಿರಲಿ. ಪೋಲರೈಸ್ಡ್ ಕನ್ನಡಕ ಇಲ್ಲಿ ಶೋಕಿಯಲ್ಲ. ತಾಮ್ರದ ಬಣ್ಣದ ಗಾಜಿನಲ್ಲಿ ಬೊಡ್ಡೆ, ಮೀನು, ತಳದ ಬಿಳಿ ಕಲೆಗಳು ಬೇರೆಬೇರೆಯಾಗಿ ಕಾಣುತ್ತವೆ.

ನೋಡಬೇಕಾದ್ದು ಒಂಟಿ ಬೊಡ್ಡೆಗಳನ್ನು. ನೂರು ಬೊಡ್ಡೆಗಳ ಗುಂಪಿನಲ್ಲಿ ಮೀನು ಎಲ್ಲಿಯಾದರೂ ಇರಬಹುದು. ಸಪಾಟು ತಳದಲ್ಲಿ ಒಂದೇ ಬೊಡ್ಡೆ ಇದ್ದರೆ ಅದರ ಬುಡದಲ್ಲೇ ಇರಬೇಕು. ಕೊರಕಲಿನ ಅಂಚಿನ ಬೊಡ್ಡೆಯಾದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಮೀನು ಬಿಸಿಲು ಬೀಳುವ ಮಗ್ಗುಲಲ್ಲಿ ಒರಗಿರುತ್ತದೆ, ಮಧ್ಯಾಹ್ನ ನೆರಳಿನ ಮಗ್ಗುಲಿಗೆ ತಿರುಗುತ್ತದೆ.

ಇಲ್ಲಿ ಎರಡು ರಾಡ್ ಸಾಕು. ಒಂದರಲ್ಲಿ ಟೆಕ್ಸಸ್ ರಿಗ್: 3/0 ಅಥವಾ 4/0 ಅಗಲಬಾಯಿಯ ಗಾಳ, 5 ಗ್ರಾಮಿನ ಟಂಗ್‌ಸ್ಟನ್ ಗುಂಡು, ನಾಲ್ಕಿಂಚಿನ ಕ್ರಾಫಿಷ್ ಆಕಾರದ ಮೆತ್ತನೆ ಲೂರ್. ಗಾಳದ ಮೊನೆಯನ್ನು ಲೂರಿನ ಮೂಗಿನಿಂದ ಕಾಲಿಂಚು ಒಳಕ್ಕೆ ಚುಚ್ಚಿ ಕೆಳಗೆ ತೆಗೆದು, ಗಾಳವನ್ನು ತಿರುಗಿಸಿ, ಮೈಯ ಮೂಲಕ ಹಾಯಿಸಿ ಬೆನ್ನ ಮೇಲೆ ಚರ್ಮದಷ್ಟು ಒಳಗೆ ಅಡಗಿಸಬೇಕು. ಲೂರ್ ನೆಟ್ಟಗೆ ಕೂರಬೇಕು. ಸೊಟ್ಟಗಾದರೆ ಎಳೆದಾಗ ಗಿರಗಿರ ತಿರುಗಿ ದಾರ ಹುರಿಗೊಳ್ಳುತ್ತದೆ. ಪೊದೆ, ಹುಲ್ಲು ಇದ್ದಲ್ಲಿ ಗುಂಡು ಲೂರಿನಿಂದ ದೂರ ಜಾರದಂತೆ ರಬ್ಬರ್ ಸ್ಟಾಪರ್ ಹಾಕಿ. ಬಯಲು ತಳದಲ್ಲಿ ಬೇಡ.

ಇನ್ನೊಂದು ವ್ಯಾಕಿ ರಿಗ್. ಐದಿಂಚಿನ ಸೆಂಕೋ ಬಗೆಯ ಮೆತ್ತನೆ ಪ್ಲಾಸ್ಟಿಕ್ ಕಡ್ಡಿಯ ನಡುವಿಗೆ ರಬ್ಬರ್ ಉಂಗುರ ತೊಡಿಸಿ, ಅದರಡಿಗೆ 1/0 ಗಾಳ. ತೂಕ ಏನೂ ಬೇಡ. ಸ್ಪಿನ್ನಿಂಗ್ ರಾಡ್, 15 ಪೌಂಡಿನ ಬ್ರೇಡ್ (ಹೆಣೆದ ದಾರ), ತುದಿಗೆ ಎಂಟಡಿ 10 ಪೌಂಡಿನ ಫ್ಲೋರೋಕಾರ್ಬನ್. ಕಡ್ಡಿಯೊಳಗಿನ ಉಪ್ಪಿನ ಭಾರಕ್ಕೇ ಅದು ಎರಡೂ ತುದಿ ಅದುರಿಸುತ್ತಾ ಅಡ್ಡಡ್ಡ ಇಳಿಯುತ್ತದೆ. ಬೊಡ್ಡೆಯ ತಲೆಗೇ ಎಸೆದರೆ ಮೀನು ಹಾರಿಹೋಗುತ್ತದೆ. ಐದಾರಡಿ ಆಚೆಗೆ ಎಸೆದು, ಮೇಲ್ಮೈಯಲ್ಲೇ ಬೊಡ್ಡೆಯ ತನಕ ತಂದು, ಅಲ್ಲಿ ಬಿಡಬೇಕು. ಬಿಟ್ಟ ಮೇಲೆ ಏನೂ ಮಾಡಬಾರದು. ಮೂರಡಿ ಇಳಿಯುವ ತನಕ ಸುಮ್ಮನೆ ದಾರವನ್ನೇ ನೋಡುತ್ತಿರುವುದು ಕೆಲವರಿಂದ ಆಗುವುದೇ ಇಲ್ಲ. ನೀರಿನ ಮೇಲೆ ಮಲಗಿದ ದಾರ ಮೆಲ್ಲಗೆ ಪಕ್ಕಕ್ಕೆ ಸರಿಯಿತೆಂದರೆ ಕಡ್ಡಿ ಆಗಲೇ ಮೀನಿನ ಬಾಯಲ್ಲಿದೆ. ಸಡಿಲ ದಾರ ಸುತ್ತಿ, ಭಾರ ಸಿಕ್ಕಿದ ಕೂಡಲೇ ರಾಡನ್ನು ಬಿಗಿಯಾಗಿ ಪಕ್ಕಕ್ಕೆ ಒಯ್ದರೆ ಸಾಕು, ಝಾಡಿಸಿ ಎತ್ತುವುದು ಬೇಡ. ಟೆಕ್ಸಸ್ ರಿಗ್‌ಗಾದರೆ ಉಲ್ಟಾ. ಮೊನೆ ಪ್ಲಾಸ್ಟಿಕ್ ಹರಿದು ಆಮೇಲೆ ದವಡೆಗೆ ಇಳಿಯಬೇಕು, ಅದಕ್ಕೆ ಜೋರಾಗಿ ಮೇಲಕ್ಕೆ ಹೊಡೆಯಲೇಬೇಕು.

ಬೊಡ್ಡೆಗೆ ಉಜ್ಜಿದ ದಾರವನ್ನು ಪ್ರತಿ ಮೀನಿನ ಬಳಿಕ ಕೊನೆಯ ಮೂರಡಿ ತುಟಿಯ ಮೇಲೆ ಎಳೆದು ನೋಡಿ. ತರಿ ತಾಗಿದರೆ ಕತ್ತರಿಸಿ ಹೊಸ ಗಂಟು. ದೊಡ್ಡ ಮೀನು ಕಳೆದುಕೊಂಡವರಲ್ಲಿ ಬಹಳ ಜನ ಕಳೆದುಕೊಳ್ಳುವುದು ಈ ಸೋಮಾರಿತನಕ್ಕೆ.

ಮೊದಲು ದಡಕ್ಕೆ ಬರುವುದು ಗಂಡುಗಳು, ಎರಡು ಮೂರು ಪೌಂಡಿನವು. ಮೊಟ್ಟೆ ತುಂಬಿದ ಹೆಣ್ಣುಗಳು ಅದೇ ಕೊರಕಲಿನಲ್ಲಿ ಐದಾರು ಅಡಿಯಲ್ಲಿ ಕಾದಿರುತ್ತವೆ. ಹಾಗಾಗಿ ದಡದಲ್ಲಿ ಸಣ್ಣವೇ ಸಿಗುತ್ತಿದ್ದರೆ ದೋಣಿಯನ್ನು ದಡಕ್ಕೆ ಒತ್ತುವ ಬದಲು ತಿರುಗಿಸಿ, ಬೆನ್ನ ಹಿಂದಿದ್ದ ಕೊರಕಲಿಗೆ ಎಸೆಯಿರಿ. ಮಧ್ಯಾಹ್ನದ ಏಳು ಪೌಂಡಿನ ಮೀನು ಬಂದದ್ದು ಹಾಗೆಯೇ, ಎಲ್ಲ ದೋಣಿಗಳೂ ಮೇಲೆ ಹಾದುಹೋಗಿದ್ದ ನೀರಿನಿಂದ.

ಗೂಡು ಕಟ್ಟುವುದು ನೀರು 60 ದಾಟಿ 65ರ ಕಡೆ ಹೊರಟಾಗ. ಗಂಡು ಬಾಲದಿಂದ ಗುಡಿಸಿದ ತಟ್ಟೆಯಂಥ ಬಿಳಿ ಕಲೆ ಗಟ್ಟಿ ತಳದಲ್ಲಿ ಕಾಣುತ್ತದೆ. ಮೊಟ್ಟೆ ಇಟ್ಟ ಮೇಲೆ, ನಮ್ಮ ಕೆರೆಗಳ ಕೊರವ ಮೀನು ಮರಿಗಳ ಹಿಂಡನ್ನು ಕಾಯುವ ಹಾಗೆ, ಗಂಡು ಅಲ್ಲೇ ಕಾವಲು. ಅದನ್ನು ಹಿಡಿದು ಹತ್ತು ನಿಮಿಷ ದೋಣಿಯಲ್ಲಿಟ್ಟರೆ ಬ್ಲೂಗಿಲ್ ಮೀನುಗಳು ಬಂದು ಮೊಟ್ಟೆ ಮುಕ್ಕುತ್ತವೆ. ಗೂಡಿನ ಮೀನಿಗೆ ಗಾಳ ಹಾಕಲು ಇಲ್ಲಿ ಕಾನೂನಿನ ಅಡ್ಡಿಯಿಲ್ಲ. ಹಾಕಬಾರದು ಅನ್ನುವುದು ನಮ್ಮ ಪಕ್ಷ, ಹಾಕಿದರೂ ಅಲ್ಲೇ ಬಿಡಿ.

ಹಿಡಿದದ್ದನ್ನು ಇಟ್ಟುಕೊಳ್ಳುವುದರ ಲೆಕ್ಕ ಈ ಕೆರೆಯಲ್ಲಿ ಬೇರೆ. 16ರಿಂದ 24 ಇಂಚಿನ ನಡುವಿನ ಲಾರ್ಜ್‌ಮೌತ್ ಒಂದನ್ನೂ ಇಟ್ಟುಕೊಳ್ಳುವಂತಿಲ್ಲ. ದಿನಕ್ಕೆ ಐದು, ಅದರಲ್ಲಿ 24 ಇಂಚು ಅಥವಾ ಮೇಲಿನದ್ದು ಒಂದೇ. ಅಳತೆ ಬಾಯಿ ಮುಚ್ಚಿಸಿ, ಬಾಲದ ಎರಡು ತುದಿ ಒತ್ತಿ ಸೇರಿಸಿ ಚಪ್ಪಟೆ ಹಲಗೆಯ ಮೇಲೆ. ತೂಗುವಾಗ ದೊಡ್ಡದನ್ನು ಕೆಳದವಡೆಯೊಂದರಿಂದಲೇ ಅಡ್ಡ ಎತ್ತಿ ಹಿಡಿದರೆ ದವಡೆಯ ಕೀಲು ಹೋಗುತ್ತದೆ. ಇನ್ನೊಂದು ಒದ್ದೆ ಕೈ ಹೊಟ್ಟೆಯಡಿ ಇರಲಿ. ಜನವರಿ 1ರಿಂದ ಮಾರ್ಚ್ 31ರೊಳಗೆ 13 ಪೌಂಡ್ ಅಥವಾ ಮೇಲಿನ ಮೀನು ಬಿದ್ದರೆ ಶೇರ್‌ಲಂಕರ್‌ನವರಿಗೆ ಫೋನ್ ಮಾಡಿದರೆ ಅವರೇ ಬಂದು ಸಂತಾನಕ್ಕಾಗಿ ಅಥೆನ್ಸ್ ಊರಿನ ಕೇಂದ್ರಕ್ಕೆ ಒಯ್ಯುತ್ತಾರೆ.

ನಾಲ್ಕನೇ ದಿನ, ಭಾನುವಾರ

ಬೆಳಿಗ್ಗೆಯೇ ಬೆಚ್ಚನೆ ಮಳೆ. ಮಳೆನೀರು ಕೆರೆಯ ನೀರಿಗಿಂತ ಬಿಸಿಯಿದ್ದರೆ ಹಳ್ಳ ಒಳಬರುವ ಮೂಲೆಯೇ ಆ ಹೊತ್ತಿನ ಅತಿ ಬೆಚ್ಚಗಿನ ಜಾಗ. ಕೆಂಪು ನೀರು ಕೆರೆಯ ನೀರಿಗೆ ಕೂಡುವ ಗೆರೆ ಕಣ್ಣಿಗೇ ಕಾಣುತ್ತಿತ್ತು. ಗೆರೆಯ ತಿಳಿ ಬದಿಯಲ್ಲಿ 10 ಗ್ರಾಮಿನ ಚ್ಯಾಟರ್‌ಬೈಟ್ (ಮೂತಿಗೆ ಅದುರುವ ತಗಡಿರುವ ಲೂರ್), ಕಪ್ಪು-ನೀಲಿ, ಒಣಗಿದ ತಾವರೆ ದಂಟುಗಳ ನಡುವೆ ನಿಧಾನ ಎಳೆತ. ಕಚ್ಚು ಒಳ್ಳೆಯದಿತ್ತು. ಹತ್ತೂವರೆಗೆ ಮೊದಲ ಗುಡುಗು ಕೇಳಿತು. ಕೈಯಲ್ಲಿ ಏಳಡಿ ಗ್ರಾಫೈಟ್ ಕೋಲು ಹಿಡಿದು ನೀರಿನ ನಡುವೆ ನಿಲ್ಲುವ ಹೊತ್ತಲ್ಲ ಅದು. ದೋಣಿ ಮೇಲಕ್ಕೆ. ಸಂಜೆ ಗಾಳಿ ಉತ್ತರಕ್ಕೆ ತಿರುಗಿತು, ಕತ್ತಲಾಗುವಷ್ಟರಲ್ಲಿ ಸ್ವೆಟರ್ ಹುಡುಕುವಂತಾಯಿತು.

ಐದನೇ ದಿನ, ಸೋಮವಾರ

ಬೆಳಿಗ್ಗೆ ಗಾಳಿಯ ಬಿಸಿ 34, ಆಕಾಶ ತೊಳೆದಿಟ್ಟ ನೀಲಿ. ಟೆಕ್ಸಸ್‌ನವರು ನಾರ್ದರ್ ಅನ್ನುವ ಚಳಿಗಾಳಿ ದಾಟಿಹೋದ ಮಾರನೇ ದಿನ ಇದು. ದೋಣಿ ಇಳಿಸುವ ಜಾಗ ಖಾಲಿ. ಕೊಲ್ಲಿಯ ತುದಿ ಚಳಿಗಾಳಿಗೆ ಮುಂಚೆ 61 ಇದ್ದದ್ದು 51. ಎರಡನೇ ದಿಣ್ಣೆಯ ಹತ್ತಿರ 54. ಹಳ್ಳದ ಬಾಯಿ 55. ಬಿಸಿಯ ಲೆಕ್ಕ ತಲೆಕೆಳಗು: ತೆಳ್ಳಗಿನ ನೀರು ಬೇಗ ಕಾದಷ್ಟೇ ಬೇಗ ಆರುತ್ತದೆ.

ಇಂಥ ದಿನ ಮೀನು ಮತ್ತೆ ಆಳಕ್ಕೆ ಓಡಿಹೋಯಿತು ಅನ್ನುವ ಮಾತು ಬಹಳ ಕೇಳಿಬರುತ್ತದೆ. ಅಷ್ಟು ದೂರ ಹೋಗುವುದಿಲ್ಲ. ದಡದಲ್ಲಿದ್ದದ್ದು ಕೊರಕಲಿನಲ್ಲಿ ಇಳಿದು ಮೊದಲ ತಿರುವಿನಲ್ಲಿ, ಆರರಿಂದ ಎಂಟಡಿಯ ಬೊಡ್ಡೆಗೆ ಮೈ ತಾಗಿಸಿ ನಿಲ್ಲುತ್ತದೆ. ಬದಲಾಗುವುದು ಅದರ ಹಸಿವಿನ ವ್ಯಾಪ್ತಿ. ಶುಕ್ರವಾರ ಆರಡಿ ಅಟ್ಟಿಕೊಂಡು ಬಂದ ಮೀನು ಇವತ್ತು ಒಂದಡಿ ಕದಲುವುದಿಲ್ಲ. ಆದ್ದರಿಂದ ಲೂರನ್ನು ಅದರ ಮೂತಿಯ ಮುಂದೆ ತಂದು ಬಹಳ ಹೊತ್ತು ನಿಲ್ಲಿಸಬೇಕು.

ನಿಲ್ಲಿಸಲು ಬರುವುದು ತೇಲದೆ ಮುಳುಗದೆ ತೂಗುವ ಜರ್ಕ್‌ಬೈಟ್. ನಾಲ್ಕೂಕಾಲು ಇಂಚಿನದ್ದು, 10 ಪೌಂಡಿನ ಫ್ಲೋರೋಕಾರ್ಬನ್‌ನಲ್ಲಿ. ರಾಡನ್ನು ಕೆಳಕ್ಕೆ ಎರಡು ಸಲ ಕುಟುಕಿ, ದಾರ ಸಡಿಲ ಬಿಟ್ಟು, ಎಂಟರಿಂದ ಹತ್ತು ಸೆಕೆಂಡ್ ಬಾಯಲ್ಲೇ ಎಣಿಸುವುದು. ಎಣಿಸದೆ ಅಂದಾಜಿಗೆ ಬಿಟ್ಟರೆ ಕೈ ಮೂರಕ್ಕೇ ಕುಟುಕುತ್ತದೆ. ಇದರಲ್ಲೊಂದು ಸೂಕ್ಷ್ಮ ಇದೆ. ತಣ್ಣೀರು ದಟ್ಟ, ಹಾಗಾಗಿ 60ರಲ್ಲಿ ನಿಶ್ಚಲ ನಿಂತ ಲೂರ್ 52ರಲ್ಲಿ ಮೆಲ್ಲಗೆ ಮೇಲೇರಬಹುದು, ನಿಂತಿದೆ ಅಂತ ಅಂದುಕೊಂಡಿರುತ್ತೀರಿ. ದೋಣಿಯ ಪಕ್ಕದಲ್ಲೇ ನೀರಿಗಿಟ್ಟು ನೋಡಿ. ಏರಿದರೆ ಮುಂದಿನ ಗಾಳದ ಕಾಂಡಕ್ಕೆ ಸೀಸದ ತಂತಿ ಎರಡು ಸುತ್ತು, ಇಲ್ಲವೇ ಹೊಟ್ಟೆಗೆ ಸೀಸದ ಅಂಟುಚುಕ್ಕೆ. ಮೂಗು ಒಂದಿಷ್ಟು ಕೆಳಗಾಗಿ ನಿಂತರೆ ಸರಿ.

ಬೊಡ್ಡೆಗಳ ಬುಡಕ್ಕೆ 10 ಗ್ರಾಮಿನ ಜಿಗ್ (ಭಾರದ ತಲೆಯ ಗಾಳ), ಕಂದುಹಸಿರು, ಹಿಂದೆ ಸಣ್ಣ ಕ್ರಾಫಿಷ್ ಬಾಲ. ಕುಣಿಸಬಾರದು. ರಾಡನ್ನು ಪಕ್ಕಕ್ಕೆ ಒಂದಡಿ ಎಳೆದು ನಿಲ್ಲಿಸುವುದು, ಮತ್ತೆ ಎಳೆಯುವುದು. ಬೇರಿಗೆ ಹತ್ತಿ ಇಳಿಯುವುದು ಕೈಗೆ ತಿಳಿಯುವಷ್ಟು ನಿಧಾನ. ಇಂಥ ದಿನದ ಕಚ್ಚು ಟಕ್ ಅನ್ನುವುದಿಲ್ಲ. ಜಿಗ್ ಒದ್ದೆ ಬಟ್ಟೆ ಎಳೆದಂತೆ ಸ್ವಲ್ಪ ಭಾರವಾಗುತ್ತದೆ, ಅಷ್ಟೇ. ಅನುಮಾನ ಬಂದರೆ ಹೊಡೆಯಿರಿ, ಹುಲ್ಲಾಗಿದ್ದರೆ ನಷ್ಟವೇನಿಲ್ಲ.

ಬೆಳಗಿನ ಹೊತ್ತು ಬೇಗ ಎದ್ದು ಪ್ರಯೋಜನವಿಲ್ಲ. ಹನ್ನೊಂದರ ತನಕ ಕಚ್ಚೇ ಇರಲಿಲ್ಲ. ಎರಡರಿಂದ ನಾಲ್ಕರವರೆಗೆ, ಬಿಸಿಲಿಗೆ ನೀರು ಎರಡು ಡಿಗ್ರಿ ಏರಿದಾಗ, ಕೊರಕಲಿನ ಒಂದೇ ತಿರುವಿನಲ್ಲಿ ಜರ್ಕ್‌ಬೈಟಿಗೂ ಜಿಗ್‌ಗೂ ಮೀನು ಬಂದವು, ಶನಿವಾರಕ್ಕಿಂತ ಕಡಿಮೆ, ಗಾತ್ರದಲ್ಲಿ ದೊಡ್ಡವು. 51ರಿಂದ 53ಕ್ಕೆ ಏರುತ್ತಿರುವ ನೀರು 58ರಿಂದ 55ಕ್ಕೆ ಇಳಿಯುತ್ತಿರುವ ನೀರಿಗಿಂತ ಮೇಲು. ಸೋನಾರಿನ ಮೇಲಿನ ಅಂಕಿಗಿಂತ ಅದು ಬೆಳಿಗ್ಗೆಯಿಂದ ಯಾವ ಕಡೆ ಹೊರಟಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳುವುದು ಅದಕ್ಕೇ.

ದೋಣಿ ಟ್ರೈಲರಿಗೆ ಬಂದ ಮೇಲೆ ಡ್ರೈನ್ ಪ್ಲಗ್ ತೆಗೆದು, ಮೀನುತೊಟ್ಟಿ ಮತ್ತು ತಳದ ನೀರನ್ನೆಲ್ಲ ಅಲ್ಲೇ ಬಸಿಯಬೇಕು. ಜೀಬ್ರಾ ಮಸಲ್ ಎಂಬ ಚಿಪ್ಪುಹುಳು ನೀರಿನ ಜೊತೆ ಬೇರೆ ಕೆರೆಗೆ ಹೋಗದಿರಲೆಂದು ಟೆಕ್ಸಸ್‌ನ ಎಲ್ಲ ಸಾರ್ವಜನಿಕ ನೀರಿಗೂ ಇರುವ ನಿಯಮ ಇದು. ಟ್ರೈಲರಿನ ಅಚ್ಚು, ರೋಲರ್, ಟ್ರೋಲಿಂಗ್ ಮೋಟರಿನ ಪಂಖದ ಹಿಂದೆ ಹೈಡ್ರಿಲ್ಲಾದ ಎಳೆಗಳು ಉಳಿದಿರುತ್ತವೆ. ಒಂದು ತುಂಡು ಸಾಕು ಅದು ಇನ್ನೊಂದು ಕೆರೆಯಲ್ಲಿ ಚಿಗುರಲು. ಕೈಯಿಂದ ಕಿತ್ತು ಒಣ ನೆಲಕ್ಕೆ ಹಾಕಿಯೇ ಹೊರಡಬೇಕು. ಡ್ರೈನ್ ಪ್ಲಗ್ಗನ್ನು ಕಾರಿನ ಕೀಲಿಗೊಂಚಲಿನ ಜೊತೆ ಇಟ್ಟುಕೊಂಡರೆ ಮುಂದಿನ ಸಲ ಅದನ್ನು ಹಾಕದೆ ದೋಣಿ ಇಳಿಸುವುದು ತಪ್ಪುತ್ತದೆ.